ಬಾವಲಿಯ ಬೆನ್ನೇರಿದ ಪಾಠ

ಯುಗೊಸ್ಲಾವಿಯ ಇನ್ನೂ ಒಂದು ದೇಶವಾಗಿದ್ದ ಕಾಲ. ಖಾಸಗಿಯಾಗಿ ವಿಮಾನ ಹಾರಿಸುತ್ತೇವೆ ಎಂದರೆ ಸರ್ಕಾರ ಕಣ್ಣು ಕೆಂಪಗೆ ಮಾಡುತ್ತಿದ್ದ ದಿನಗಳು. ಇವೊ ಬೊಸ್ಕಾರೊಲ್ ಎಂಬಾತ ಮತ್ತವನ ಗೆಳೆಯರು ತ್ರಿಕೋನ ರೆಕ್ಕೆಯ ಪುಟ್ಟ ಯಂತ್ರಗಳನ್ನು ಮುಸ್ಸಂಜೆಯ ಮಬ್ಬಿನಲ್ಲಿ ಕದ್ದುಮುಚ್ಚಿ ಹಾರಿಸುತ್ತಿದ್ದರು. ಕೆಳಗಿನ ಊರಿನವರು ತಲೆಯೆತ್ತಿ ನೋಡಿ ಅವಕ್ಕೆ ಬಾವಲಿಗಳೆಂದೇ ಹೆಸರಿಟ್ಟರು. 1989ರಲ್ಲಿ ಬೊಸ್ಕಾರೊಲ್ ವಿಮಾನ ಕಂಪನಿ ಕಟ್ಟಿದಾಗ ಆ ಅಡ್ಡಹೆಸರೇ ಹೆಸರಾಯಿತು: ಪಿಪಿಸ್ಟ್ರೆಲ್. ಲ್ಯಾಟಿನ್ನಿನಲ್ಲಿ ‘ಪಿಪಿಸ್ಟ್ರೆಲಸ್’ ಎಂದರೆ ಪುಟಾಣಿ ಬಾವಲಿಗಳ ಒಂದು ಕುಲ.

ಆ ಬಾವಲಿ ಮುಂದೆ ಏನು ಮಾಡಿತು ಗೊತ್ತೇ? 2020ರ ಜೂನ್ 10ರಂದು ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ, ಪೂರ್ತಿ ವಿದ್ಯುತ್ತಿನಿಂದಲೇ ಹಾರುವ ವಿಮಾನವೊಂದಕ್ಕೆ ಜಗತ್ತಿನಲ್ಲೇ ಮೊದಲ ಟೈಪ್ ಸರ್ಟಿಫಿಕೇಟ್, ಅಂದರೆ ವಿನ್ಯಾಸ ಸುರಕ್ಷಿತ ಎಂಬ ಮುದ್ರೆ, ಕೊಟ್ಟಿತು. ಪಿಪಿಸ್ಟ್ರೆಲ್ ಕಟ್ಟಿದ ಆ ವಿಮಾನದ ಹೆಸರು ವೆಲಿಸ್ ಎಲೆಕ್ಟ್ರೊ, ಹುಟ್ಟೂರು ಸ್ಲೊವೇನಿಯಾದ ಐಡೋವ್‌ಶ್ಚಿನಾ. ಅದರಲ್ಲಿರುವುದು ಎರಡೇ ಸೀಟು, ಒಂದು ಗುರುವಿಗೆ, ಇನ್ನೊಂದು ಶಿಷ್ಯನಿಗೆ. ಬೋಯಿಂಗ್, ಏರ್‌ಬಸ್‌ಗಳೆಲ್ಲ ಬಾಕಿ ಇರುವಾಗ ವಿದ್ಯುತ್ತು ಮೊದಲು ಬಂದು ಕೂತದ್ದು ಹಾರಾಟ ಕಲಿಯುವ ಒಂದನೇ ಕ್ಲಾಸಿನಲ್ಲಿ!

ಈಗ ಬ್ಯಾಟರಿಯ ಲೆಕ್ಕ ಕೇಳಿ. ಮೂತಿಯಲ್ಲಿ ಒಂದು, ಸೀಟಿನ ಹಿಂದೆ ಇನ್ನೊಂದು, ಎರಡೂ ಸೇರಿ 24.8 ಕಿಲೊವ್ಯಾಟ್ ಅವರ್. ನಮ್ಮ ರಸ್ತೆಯ ಮೊದಲ ನೆಕ್ಸಾನ್ ಇವಿ ಕಾರಿನಲ್ಲೇ ಇದಕ್ಕಿಂತ ದೊಡ್ಡ ಬ್ಯಾಟರಿ ಇತ್ತು, 30.2ರದ್ದು. ಇನ್ನೊಂದು ಬಗೆಯಲ್ಲಿ ನೋಡೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ 9 ಕಿಲೊವ್ಯಾಟ್ ಅವರ್ ಶಕ್ತಿ ಅಡಗಿರುತ್ತದೆ. ಅಂದರೆ ಈ ವಿಮಾನ ಹೊತ್ತಿರುವ ಒಟ್ಟು ಶಕ್ತಿ ಮೂರು ಲೀಟರ್ ಪೆಟ್ರೋಲಿಗೂ ಕಮ್ಮಿ! ಸ್ಕೂಟರಿನ ಟ್ಯಾಂಕಿನಲ್ಲಿ ಅರ್ಧಕ್ಕೆ ನಿಲ್ಲುವಷ್ಟು ಶಕ್ತಿಯಲ್ಲಿ ಇಬ್ಬರನ್ನು ಎತ್ತಿಕೊಂಡು ಸುಮಾರು 50 ನಿಮಿಷ ಆಕಾಶದಲ್ಲಿರುತ್ತದೆ. ನಾನು ಈ ಭಾಗಾಕಾರವನ್ನು ಮೂರು ಸಲ ಮಾಡಿ ನೋಡಿದೆ. ಗುಟ್ಟು ಇಷ್ಟೇ: ಪೆಟ್ರೋಲ್ ಎಂಜಿನ್ ತನಗೆ ಸಿಕ್ಕ ಶಕ್ತಿಯ ಬಹುಪಾಲನ್ನು ಬಿಸಿಯಾಗಿ ಗಾಳಿಗೆ ಚೆಲ್ಲುತ್ತದೆ, ಮೋಟಾರು ಹತ್ತರಲ್ಲಿ ಒಂಬತ್ತು ಪಾಲನ್ನು ದುಡಿಮೆಗೆ ಹಚ್ಚುತ್ತದೆ.

ಐವತ್ತು ನಿಮಿಷ ಸಾಕೇ ಎನ್ನಬೇಡಿ. ಹೊಸಬರು ಕಲಿಯುವುದು ಏನು? ಏರುವುದು, ರನ್‌ವೇ ಸುತ್ತ ಒಂದು ಚೌಕ ಹಾಕುವುದು, ಇಳಿದು ಚಕ್ರ ತಾಗಿಸಿ ಮತ್ತೆ ಏರುವುದು. ಪೈಲಟ್‌ಗಳ ಬಾಯಲ್ಲಿ ಇದು ‘ಸರ್ಕ್ಯೂಟ್’. ದೇವಸ್ಥಾನದ ಪ್ರದಕ್ಷಿಣೆಯ ಹಾಗೆ ಸುತ್ತಿದ್ದೇ ಸುತ್ತುವುದು. ಕೆಳಗೆ ಮನೆಯಿರುವವರ ಕಿವಿಗೆ ಈ ಪ್ರದಕ್ಷಿಣೆಯೇ ಶಿಕ್ಷೆ. ವೆಲಿಸ್‌ನ ಸದ್ದು ಸುಮಾರು 60 ಡೆಸಿಬೆಲ್, ಇಬ್ಬರು ಎದುರುಬದುರು ಕೂತು ಮಾತಾಡಿದಷ್ಟು. 1948ರಲ್ಲಿ ಶುರುವಾದ ಬೆಂಗಳೂರಿನ ಜಕ್ಕೂರು ವೈಮಾನಿಕ ತರಬೇತಿ ಶಾಲೆಯ ಸುತ್ತ ಇಂದು ಎದ್ದಿರುವ ಅಪಾರ್ಟ್‌ಮೆಂಟುಗಳನ್ನು ನೆನೆದರೆ ಈ ಅಂಕಿಯ ಬೆಲೆ ತಿಳಿಯುತ್ತದೆ.

ಸದ್ದಿಗಿಂತ ನನ್ನನ್ನು ಬೆಚ್ಚಿಸಿದ್ದು ಸೀಸ. ಭಾರತದ ಬಂಕುಗಳಲ್ಲಿ ಸೀಸದ ಪೆಟ್ರೋಲ್ 2000ದಲ್ಲೇ ನಿಂತುಹೋಯಿತು. ಆದರೆ ಪುಟ್ಟ ವಿಮಾನಗಳು ಜಗತ್ತಿನ ಬಹುಕಡೆ ಇಂದಿಗೂ ಕುಡಿಯುವ 100ಎಲ್‌ಎಲ್ ಎಂಬ ಇಂಧನದಲ್ಲಿ ಲೀಟರಿಗೆ ಅರ್ಧ ಗ್ರಾಂಗೂ ಮಿಕ್ಕಿ ಸೀಸ ಇರಬಹುದು. ಹೆಸರಿನಲ್ಲಿರುವ ‘ಎಲ್‌ಎಲ್’ ಅಂದರೆ ‘ಸೀಸ ಕಡಿಮೆ’ ಎಂದೇ ಅರ್ಥ. ಇದು ಕಡಿಮೆಯಾದರೆ ಜಾಸ್ತಿ ಎಷ್ಟಿತ್ತೋ!

ಇನ್ನು ಕಾಕ್‌ಪಿಟ್ಟಿಗೆ ಬನ್ನಿ. ಪೆಟ್ರೋಲು–ಗಾಳಿ ಬೆರೆಸುವ ಮಿಕ್ಸ್ಚರ್ ಲಿವರ್ ಇಲ್ಲ, ಕಾರ್ಬ್ಯುರೇಟರಿನಲ್ಲಿ ಹಿಮ ಕಟ್ಟುವ ಭಯವಿಲ್ಲ. ಇರುವುದು ಒಂದು ಪವರ್ ಲಿವರ್, ಮತ್ತೆ ಪರದೆಯ ಮೇಲೆ ಇಳಿಯುತ್ತಲೇ ಇರುವ ಶೇಕಡಾವಾರು. ನಮ್ಮ ಫೋನಿನ ಬ್ಯಾಟರಿ ಇಳಿದಾಗ ಆಗುವ ಕಸಿವಿಸಿ ಸಾವಿರ ಅಡಿ ಮೇಲೆ ಹೇಗಿರಬೇಕು! ಏರುವಾಗ ಎಷ್ಟು ತಿಂದಿತು, ಮಟ್ಟಸವಾಗಿ ಹಾರುವಾಗ ಎಷ್ಟು ಉಳಿಯಿತು, ಒಂದು ಸುತ್ತಿಗೆ ಎಷ್ಟು ಬೇಕು, ಎಲ್ಲವೂ ಕಣ್ಣೆದುರೇ. ಶಕ್ತಿಯ ಲೆಕ್ಕ ಇಡುವುದು ಇಲ್ಲಿ ಪರಿಸರದ ಬಗ್ಗೆ ಒಂದು ಭಾಷಣವಾಗಿ ಬರುವುದಿಲ್ಲ, ಸ್ಟಿಕ್ ಹಿಡಿದ ಮೊದಲ ದಿನವೇ ಕೈಗೆ ಅಂಟುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2050ಕ್ಕೆ ಇಟ್ಟುಕೊಂಡಿರುವ ನಿವ್ವಳ ಶೂನ್ಯ ಇಂಗಾಲದ ಗುರಿ ಇದೆಯಲ್ಲ, ಆ ವರ್ಷ ದೊಡ್ಡ ಜೆಟ್‌ಗಳ ಕ್ಯಾಪ್ಟನ್ ಆಗಿರುವವರು ಇಂದಿನ ಈ ಕಲಿಯುವ ಮಕ್ಕಳೇ.

ಬೆರಗಿನ ಭರದಲ್ಲಿ ಕೊರತೆ ಮುಚ್ಚಿಡಲಾರೆ. ಖಾಲಿ ವಿಮಾನವೇ 428 ಕೆಜಿ, ಹಾರಲು ಮಿತಿ 600. ಉಳಿದ 172 ಕೆಜಿಯಲ್ಲಿ ಗುರು–ಶಿಷ್ಯರಿಬ್ಬರೂ ಅಡಗಬೇಕು. ಮದುವೆ ಊಟ ಮುಗಿಸಿ ಬರುವಂತಿಲ್ಲ. ಪೆಟ್ರೋಲ್ ವಿಮಾನ ಹಾರುತ್ತಾ ಹಗುರಾಗುತ್ತದೆ, ಇದು ಏರಿದ ತೂಕದಲ್ಲೇ ಇಳಿಯುತ್ತದೆ. ನಮ್ಮಲ್ಲಿ ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಬೇಕು, ಅದರಲ್ಲಿ 300 ನಾಟಿಕಲ್ ಮೈಲಿಯ ಒಂದು ದೂರದ ಪಯಣವೂ ಸೇರಿದೆ. ಅಲ್ಲಿಗೆ ಇದರ ಉಸಿರು ಸಾಲದು.

ನಮಗೂ ಈ ಬಾವಲಿಗೂ ನಂಟಿದೆ. ಭಾರತ 194 ಪಿಪಿಸ್ಟ್ರೆಲ್ ವಿಮಾನಗಳನ್ನು ಕೊಂಡಿದೆ. ಎನ್‌ಸಿಸಿಯ ವಾಯುದಳದ ಕೆಡೆಟ್‌ಗಳು ಹಾರುವುದು ಅವುಗಳಲ್ಲೇ, ವೈರಸ್ ಎಸ್‌ಡಬ್ಲ್ಯು ತಳಿಯಲ್ಲಿ, ಪೆಟ್ರೋಲ್ ಎಂಜಿನ್ನಿನೊಂದಿಗೆ. ವೆಲಿಸ್ ಅದೇ ಮನೆತನದ ತಂಗಿ.

ನನಗೆ ತೀರಾ ಹಿಡಿಸಿದ್ದು ಒಂದು ಸಣ್ಣ ಸಂಗತಿ. ರನ್‌ವೇ ತಿರುವಿನಲ್ಲಿ ಸರದಿಗಾಗಿ ಕಾಯಬೇಕಾದಾಗ ಪೆಟ್ರೋಲ್ ವಿಮಾನ ನಿಂತಲ್ಲೇ ಗುರ್ರೆನ್ನುತ್ತಾ ಇಂಧನ ಸುಡುತ್ತಿರುತ್ತದೆ. ವೆಲಿಸ್‌ನಲ್ಲಿ ಲಿವರ್ ಹಿಂದಕ್ಕೆಳೆದರೆ ಪ್ರೊಪೆಲ್ಲರ್ ನಿಂತೇಬಿಡುತ್ತದೆ. ಮೂತಿಯ ಮುಂದೆ ಅದರ ಅಲಗುಗಳು ಕಾಣುತ್ತವೆ, ಹುಲ್ಲಿನ ಮೇಲಿನ ಗಾಳಿ ಕೇಳುತ್ತದೆ, ಪರದೆಯ ಮೇಲಿನ ಅಂಕಿ ಕದಲದೆ ಕೂತಿರುತ್ತದೆ.