ಗಾಂಜಾ ಹೂವಿನ ಹದ: ಹುದುಗು ಬರಿಸಿದರೆ ಅಮಲು ಹೆಚ್ಚುತ್ತದೆಯೆ?

ಕೆನಡಾದಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದಿದ್ದಾರೆ: ‘ಇಲ್ಲಿ ಮನೆಯಲ್ಲಿ ಗಾಂಜಾ ಗಿಡ ಬೆಳೆಸಬಹುದು. ಕೊಯ್ದ ಹೂವನ್ನು ಆಫ್ರಿಕಾದ ಮಲಾವಿಯವರ ಹಾಗೆ ಬಾಳೆಲೆಯಲ್ಲಿ ಬಿಗಿದು ಹುದುಗು ಬರಿಸಿದರೆ ಅಮಲು ದುಪ್ಪಟ್ಟಾಗುತ್ತದೆ ಅಂತ ಗೆಳೆಯರು ಹೇಳುತ್ತಾರೆ. ಇದಕ್ಕೆ ವೈಜ್ಞಾನಿಕ ಆಧಾರ ಇದೆಯೆ?’

ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಜಾರಿಯಲ್ಲಿರುವ ಕಾನೂನು ಮನೆಗೆ ನಾಲ್ಕು ಗಿಡಗಳ ತನಕ ಅವಕಾಶ ಕೊಟ್ಟಿದೆ. ಬಹುತೇಕ ಪ್ರಾಂತ್ಯಗಳು ಅದನ್ನು ಒಪ್ಪಿವೆ. ನಮ್ಮಲ್ಲಿ ಹಾಗಲ್ಲ. 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಒಂದು ಗಿಡ ಬೆಳೆಸಿದರೂ ಅಪರಾಧ, 10 ವರ್ಷದವರೆಗೆ ಕಠಿಣ ಶಿಕ್ಷೆಗೆ ಅವಕಾಶವಿದೆ. ಹಾಗಾಗಿ ಇದನ್ನು ಮಾಡಿ ನೋಡಿ ಎಂದು ಇಲ್ಲಿನ ಓದುಗರಿಗೆ ನಾನು ಹೇಳುತ್ತಿಲ್ಲ. ಆದರೆ ಪ್ರಶ್ನೆಯಲ್ಲಿರುವ ವಿಜ್ಞಾನ ಸೊಗಸಾಗಿದೆ. ಅದರ ಇತಿಹಾಸದ ಒಂದು ದೊಡ್ಡ ಅಧ್ಯಾಯ ನಡೆದದ್ದೂ ನಮ್ಮ ಉಪಖಂಡದಲ್ಲೇ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೂವನ್ನು ಹದ ಮಾಡಿದರೆ ಘಮ ಬದಲಾಗುತ್ತದೆ, ಬಣ್ಣ ಬದಲಾಗುತ್ತದೆ, ಹೊಗೆ ಗಂಟಲಿಗೆ ನವಿರಾಗುತ್ತದೆ. ಅಮಲಿನ ಅಂಶ ಮಾತ್ರ ಹೊಸದಾಗಿ ಹುಟ್ಟುವುದಿಲ್ಲ. ಆ ಅಂಶ ತಯಾರಾಗುವುದು ಗಿಡ ಬದುಕಿರುವಾಗ, ಹೆಣ್ಣು ಹೂವಿನ ಮೇಲೆ ಸೂಜಿಮೊನೆಯಷ್ಟು ಚಿಕ್ಕದಾಗಿ ಎದ್ದುನಿಂತ ಅಂಟುಗ್ರಂಥಿಗಳಲ್ಲಿ. ಭೂತಗನ್ನಡಿ ಹಿಡಿದು ನೋಡಿದರೆ ಗಾಜಿನ ಕಡ್ಡಿಯ ತಲೆಯ ಮೇಲೆ ಮಂಜಿನ ಹನಿ ಕೂತಂತೆ ಇವು ಕಾಣುತ್ತವೆ. ಅಲ್ಲಿ ಸಿಬಿಜಿಎ ಎಂಬ ಆಮ್ಲದಿಂದ ಒಂದು ಕಿಣ್ವ ಟಿಎಚ್‌ಸಿಎ ಎಂಬ ಇನ್ನೊಂದು ಆಮ್ಲವನ್ನು ಕಟ್ಟುತ್ತದೆ. ಈ ಟಿಎಚ್‌ಸಿಎಗೆ ಅಮಲು ತರಿಸುವ ಗುಣವಿಲ್ಲ. ಬಿಸಿ ತಗುಲಿ ಅದರಿಂದ ಇಂಗಾಲದ ಡೈಆಕ್ಸೈಡ್ ಕಳಚಿಕೊಂಡಾಗಲೇ ಅಮಲಿನ ಟಿಎಚ್‌ಸಿ ಆಗುವುದು. ಹೂವನ್ನು ಸುಟ್ಟು ಸೇದುವವರಿಗೆ ಈ ಕೆಲಸವನ್ನು ಬೆಂಕಿಯೇ ಕ್ಷಣದಲ್ಲಿ ಮಾಡಿಕೊಡುತ್ತದೆ.

ಹಾಗಿದ್ದರೆ ಹದ ಮಾಡುವುದು ಯಾಕೆ? ಇದನ್ನು ಅರ್ಥಮಾಡಿಕೊಳ್ಳಲು ಅಡೆ ಹಾಕಿದ ಮಾವಿನಕಾಯಿಯನ್ನು ನೆನೆಯಬೇಕು. ಮರದಿಂದ ಇಳಿಸಿದ ಕಾಯಿ ಸತ್ತಿರುವುದಿಲ್ಲ. ಅದರ ಜೀವಕೋಶಗಳು ಉಸಿರಾಡುತ್ತಲೇ ಇರುತ್ತವೆ, ಕಿಣ್ವಗಳು ಕೆಲಸ ಮಾಡುತ್ತಲೇ ಇರುತ್ತವೆ. ಭತ್ತದ ಹುಲ್ಲಿನ ನಡುವೆ ಮುಚ್ಚಿಟ್ಟರೆ ಕಾಯಿ ಬಿಟ್ಟ ಬಿಸಿಯೂ ತೇವವೂ ಅಲ್ಲೇ ಉಳಿಯುತ್ತವೆ. ಆ ಬೆಚ್ಚನೆಯಲ್ಲಿ ಹಸಿರು ಕರಗುತ್ತದೆ, ಪಿಷ್ಟ ಒಡೆದು ಸಕ್ಕರೆಯಾಗುತ್ತದೆ, ಮುಚ್ಚಿದ್ದ ಘಮ ಬಿಡುತ್ತದೆ. ಗಾಳಿಗೆ ಬಿಟ್ಟರೆ ಕಾಯಿ ಬಾಡಿ ಸುಕ್ಕಾಗುತ್ತದೆ, ಮುಚ್ಚಿ ಮರೆತರೆ ಕೊಳೆಯುತ್ತದೆ. ಅಡೆಯ ಜಾಣ್ಮೆಯೆಲ್ಲ ಇರುವುದು ಯಾವಾಗ ತೆಗೆಯಬೇಕು ಎಂಬುದರಲ್ಲಿ. ದಿನಾ ಬೆಳಿಗ್ಗೆ ಹುಲ್ಲಿಗೆ ಕೈ ಹಾಕಿ, ಒತ್ತಿ, ಮೂಸಿ ನೋಡುವ ಹಿರಿಯರಿಗೆ ಅದು ಗೊತ್ತು.

ಕೊಯ್ದ ಗಾಂಜಾ ಹೂವಿನಲ್ಲೂ ನಡೆಯುವುದು ಇದೇ. ಹಸಿ ಹೂವಿನ ತೂಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು. ಆ ನೀರು ಇರುವವರೆಗೆ ಕೋಶಗಳು ಬದುಕಿರುತ್ತವೆ. ಪತ್ರಹರಿತ್ತು ಒಡೆಯುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ. ಮಾವಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಮಾವಿನಲ್ಲಿ ಸಕ್ಕರೆ ಉಳಿಯಬೇಕು, ಹೂವಿನಲ್ಲಿ ಅದು ಉಸಿರಾಟದಲ್ಲಿ ಖರ್ಚಾಗಿ ಹೋಗಬೇಕು. ಅವಸರವಾಗಿ ಬಿಸಿಲಿಗೆ ಹಾಕಿ ಗರಿಗರಿಯಾಗಿ ಒಣಗಿಸಿದರೆ ಕಿಣ್ವಗಳಿಗೆ ಸಮಯವೇ ಸಿಗದೆ ಪಿಷ್ಟವೂ ಹಸಿರೂ ಹೂವಿನಲ್ಲೇ ಉಳಿದುಬಿಡುತ್ತವೆ. ಅಂಥ ಹೂವಿನ ಹೊಗೆಯಲ್ಲಿ ಹಸಿಹುಲ್ಲು ಸುಟ್ಟ ಘಾಟು.

ಈ ವಿದ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದವರು ಬಂಗಾಳದ ರೈತರು. ಇಂದು ಬಾಂಗ್ಲಾದೇಶದಲ್ಲಿರುವ ನೌಗಾಂವ್ ಸುತ್ತಲಿನ ಪ್ರದೇಶಕ್ಕೆ ‘ಗಾಂಜಾ ಮಹಲ್’ ಎಂದೇ ಹೆಸರಿತ್ತು. ಬ್ರಿಟಿಷ್ ಸರ್ಕಾರಕ್ಕೆ ಇಲ್ಲಿಂದ ದೊಡ್ಡ ಮೊತ್ತದ ಅಬಕಾರಿ ವರಮಾನ ಬರುತ್ತಿತ್ತು. ಹಾಗಾಗಿ ಅಧಿಕಾರಿಗಳು ಪ್ರತಿಯೊಂದು ಹಂತವನ್ನೂ ಬರೆದಿಟ್ಟರು. ಹೇಮಚಂದ್ರ ಕರ್ ಎಂಬ ಡೆಪ್ಯುಟಿ ಕಲೆಕ್ಟರ್ ಬರೆದ ವರದಿ 1877ರಲ್ಲಿ ಬಂತು. 1893ರಲ್ಲಿ ಕಲ್ಕತ್ತೆಯ ಸಸ್ಯವಿಜ್ಞಾನಿ ಡೇವಿಡ್ ಪ್ರೇನ್ ಇನ್ನೊಂದು ಬರೆದರು. ಇವರೇ ಮುಂದೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ನಿರ್ದೇಶಕರಾದವರು. ಅದರ ಬೆನ್ನಿಗೇ 1893–94ರಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ದೇಶವೆಲ್ಲ ಸುತ್ತಿ 1,193 ಸಾಕ್ಷಿಗಳ ಹೇಳಿಕೆ ಪಡೆಯಿತು. ಯಾವ ಗಿಡಮೂಲಿಕೆಯ ಸಂಸ್ಕರಣೆಯ ಬಗ್ಗೆಯೂ ಆ ಕಾಲದಲ್ಲಿ ಇಷ್ಟು ಸೂಕ್ಷ್ಮವಾದ ದಾಖಲೆ ಸಿಗುವುದು ಅಪರೂಪ.

ಆ ದಾಖಲೆಗಳಲ್ಲಿ ಕಾಣುವ ಕೆಲಸದ ಕ್ರಮ ಹೀಗಿದೆ. ಗಿಡ ಹೂ ಬಿಡುವ ಮೊದಲೇ ‘ಪೊದ್ದಾರ್’ ಎಂಬ ಪರಿಣತನನ್ನು ಕರೆಸುತ್ತಿದ್ದರು. ಆತ ಸಾಲಿನಲ್ಲಿ ನಡೆಯುತ್ತ ಗಂಡು ಗಿಡಗಳನ್ನು ಗುರುತಿಸಿ ಕಿತ್ತುಹಾಕಿಸುತ್ತಿದ್ದ. ಪರಾಗ ತಾಗದ ಹೆಣ್ಣು ಹೂವು ಬೀಜ ಕಟ್ಟದೆ ಅಂಟನ್ನೇ ಹೆಚ್ಚಾಗಿ ಸುರಿಸುತ್ತದೆ. ಇಂದು ಅಮೆರಿಕದ ಗಾಂಜಾ ಕಂಪನಿಗಳು ಬೆಳೆಸುವುದೂ ಇಂಥ ಬೀಜವಿಲ್ಲದ ಹೂವನ್ನೇ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕೊಯ್ಲು. ಕೊಯ್ದದ್ದನ್ನು ಬಾಡಲು ಬಿಟ್ಟು, ಹೂವಿರುವ ರೆಂಬೆಗಳನ್ನಷ್ಟೇ ಆರಿಸಿ, ಅವನ್ನು ವೃತ್ತಾಕಾರವಾಗಿ ಜೋಡಿಸಿ ಬರಿಗಾಲಿನಲ್ಲಿ ತುಳಿಯುತ್ತಿದ್ದರು. ಅಂಟು ಕರಗಿ ಹೂವುಗಳು ಒಂದಕ್ಕೊಂದು ಹತ್ತಿಕೊಂಡು ಚಪ್ಪಟೆಯಾಗುತ್ತಿದ್ದವು. ಆಮೇಲೆ ಅವನ್ನು ರಾಶಿ ಹಾಕಿ ಚಾಪೆ ಮುಚ್ಚಿ ಬಿಡುವುದು. ಮತ್ತೆ ಬಿಡಿಸಿ ಬಿಸಿಲಿಗೆ ಹರಡಿ, ಉದುರುವ ಎಲೆಯನ್ನು ಕೊಡವಿ, ಮತ್ತೆ ತುಳಿದು, ಮತ್ತೆ ರಾಶಿ ಹಾಕುವುದು. ಹೀಗೆ ಆದದ್ದು ಚಪ್ಪಟೆ ಗಾಂಜಾ. ದುಂಡು ಗಾಂಜಾಕ್ಕೆ ಬೇರೆ ವಿಧಾನ. ಅಡ್ಡ ಕಟ್ಟಿದ ಬಿದಿರನ್ನು ಕೈಯಲ್ಲಿ ಹಿಡಿದು ನಿಂತು, ರೆಂಬೆಗಳನ್ನು ಚಾಪೆಯ ಮೇಲೆ ಪಾದದಡಿ ಹೊರಳಿಸಿ ಉರುಟು ಮಾಡುತ್ತಿದ್ದರು. ಉದುರಿದ ಪುಡಿಗೆ ‘ಚೂರ್’ ಎಂದು ಹೆಸರು.

ಇದರಲ್ಲಿ ಪ್ರತಿಯೊಂದು ಹೆಜ್ಜೆಗೂ ಇಂದಿನ ಜೀವರಸಾಯನ ವಿಜ್ಞಾನ ಕಾರಣ ಕೊಡಬಲ್ಲದು. ತುಳಿದಾಗ ಕೋಶಗಳ ಗೋಡೆ ಒಡೆದು ಕಿಣ್ವಗಳು ತಮ್ಮ ಆಹಾರವನ್ನು ಮುಟ್ಟುತ್ತವೆ. ರಾಶಿ ಹಾಕಿದಾಗ ಉಸಿರಾಟದ ಬಿಸಿ ಒಳಗೇ ಸೇರಿಕೊಂಡು ಆ ಕೆಲಸ ಚುರುಕಾಗುತ್ತದೆ. ಬಿಸಿಲಿಗೆ ಹರಡಿದಾಗ ತೇವ ಇಳಿದು ಅದು ನಿಲ್ಲುತ್ತದೆ. ಬಿಸಿ ಮಾಡುವುದು, ಆರಿಸುವುದು, ಮತ್ತೆ ಬಿಸಿ ಮಾಡುವುದು — ಈ ತಾಳದಿಂದಾಗಿ ರಾಶಿ ಎಂದೂ ಕೊಳೆಯುವ ಹಂತಕ್ಕೆ ಹೋಗುತ್ತಿರಲಿಲ್ಲ. ಥರ್ಮಾಮೀಟರ್ ಇಲ್ಲದೆ ಪಾದ ಮತ್ತು ಮೂಗನ್ನಷ್ಟೇ ನಂಬಿ ಇದನ್ನು ಸಾಧಿಸಿದ ಆ ಕೂಲಿಗಳ ಹೆಸರು ಯಾವ ವರದಿಯಲ್ಲೂ ಇಲ್ಲ. ಈ ವಿದ್ಯೆಯ ನಿಜವಾದ ಸಂಶೋಧಕರು ಅವರೇ ಎಂದು ನಾನು ನಂಬಿದ್ದೇನೆ. ನೌಗಾಂವ್‌ನ ಈ ಗಾಂಜಾ ಬೇಸಾಯವನ್ನೇ ಬಾಂಗ್ಲಾದೇಶ 1987ರಲ್ಲಿ ನಿಲ್ಲಿಸಿತು.

ಮಲಾವಿಯ ವಿಧಾನ ಇದಕ್ಕಿಂತ ಬಿಗಿ. ಅರೆಬಾಡಿದ ಹೂವನ್ನು ಒತ್ತಿ ತುಂಬಿ, ಮೆಕ್ಕೆಜೋಳದ ತೆನೆಯ ಸಿಪ್ಪೆಯಲ್ಲೋ ಬಾಳೆಲೆಯಲ್ಲೋ ಸುತ್ತಿ, ನಾರಿನಿಂದ ಕಟ್ಟುತ್ತಾರೆ. ಕಟ್ಟಿದ ಮೇಲೆ ಅದು ಜೋಳದ ತೆನೆಯಂತೆಯೇ ಕಾಣುತ್ತದೆ. ಗಾಳಿಯಾಡದ ಆ ಕಟ್ಟಿನೊಳಗೆ ಹಸಿರು ಹೂವು ದಿನ ಕಳೆದಂತೆ ಕಂದು ಬಣ್ಣಕ್ಕೆ ತಿರುಗಿ, ಒಣಹಣ್ಣಿನ ವಾಸನೆ ಬರುತ್ತದೆ. ‘ದುಪ್ಪಟ್ಟು ಅಮಲು’ ಎಂಬ ಮಾತು ಹುಟ್ಟಿದ್ದು ಇಂಥ ಕಟ್ಟುಗಳಿಂದ. ಹಾಗೆ ಅನ್ನಿಸುವುದಕ್ಕೆ ಕಾರಣಗಳೂ ಇವೆ.

ಒಂದು, ತೂಕದ ಲೆಕ್ಕ. 100 ಗ್ರಾಂ ಹೂವಿನಲ್ಲಿ 15 ಗ್ರಾಂ ಟಿಎಚ್‌ಸಿಎ ಇದೆ ಎಂದುಕೊಳ್ಳಿ. ಸಕ್ಕರೆ, ಪಿಷ್ಟ ಖರ್ಚಾಗಿ ಹೂವು 90 ಗ್ರಾಂಗೆ ಇಳಿದರೆ ಅದೇ 15 ಗ್ರಾಂ ಈಗ ಶೇ 16.7 ಆಗುತ್ತದೆ. ಶೇಕಡಾವಾರು ಏರಿತು, ಒಟ್ಟು ಪ್ರಮಾಣ ಏರಲಿಲ್ಲ. ಎರಡು, ಬೆಚ್ಚನೆಯಲ್ಲಿ ಸ್ವಲ್ಪ ಟಿಎಚ್‌ಸಿಎ ನಿಧಾನವಾಗಿ ಟಿಎಚ್‌ಸಿ ಆಗುತ್ತದೆ. ಹೂವನ್ನು ಸುಡದೆ ಜಗಿಯುವವರಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ, ಸೇದುವವರಿಗೆ ಇದರಿಂದ ಲಾಭವಿಲ್ಲ. ಮೂರು, ಘಾಟು ಕಡಿಮೆಯಾದ ಹೊಗೆಯನ್ನು ಜನ ಆಳವಾಗಿ ಎಳೆಯುತ್ತಾರೆ, ಹೆಚ್ಚು ಹೊತ್ತು ಹಿಡಿದಿಡುತ್ತಾರೆ. ಇವೆಲ್ಲ ಸೇರಿಯೂ ದುಪ್ಪಟ್ಟು ಆಗುವುದಿಲ್ಲ. ‘ಪ್ರಾಚೀನ ಹುದುಗಿನ ರಹಸ್ಯ’ ಎಂಬ ಹೆಸರಿನಲ್ಲಿ ಅಮಲಿನ ಆಸೆ ತೋರಿಸಿ ಮಾರುವವರ ಮಾತಿಗೆ ಬೆಲೆ ಕೊಡಬೇಕಿಲ್ಲ.

ತಂಬಾಕಿನ ಉದಾಹರಣೆ ಕೊಟ್ಟು ವಾದಿಸುವವರೂ ಇದ್ದಾರೆ. ಅದು ಅವರ ವಾದಕ್ಕೇ ತಿರುಗೇಟು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಲ್ಲಿ ಮೊದಲು 35ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವ ಹಿಡಿದಿಟ್ಟು ಎಲೆಯನ್ನು ಹಳದಿಯಾಗಿಸುತ್ತಾರೆ. ಪಿಷ್ಟ ಸಕ್ಕರೆಯಾಗುವುದು ಆಗಲೇ. ನಂತರ ಹಂತಹಂತವಾಗಿ 70 ಡಿಗ್ರಿ ತನಕ ಬಿಸಿ ಏರಿಸಿ ನಡುದಂಟನ್ನೂ ಒಣಗಿಸುತ್ತಾರೆ. ಇದರಲ್ಲಿ ಹುದುಗಿನ ಪಾತ್ರವೇ ಇಲ್ಲ. ನಿಜವಾಗಿ ಹುದುಗು ಬರಿಸುವುದು ಸಿಗಾರಿನ ಎಲೆಗೆ. ಕ್ಯೂಬಾದಲ್ಲಿ ಎಲೆಗಳನ್ನು ಎತ್ತರಕ್ಕೆ ಪೇರಿಸಿ ಬಿಡುತ್ತಾರೆ, ರಾಶಿ ಕಾದು ಅಮೋನಿಯಾದ ವಾಸನೆ ಹೊಮ್ಮುತ್ತದೆ. ಆ ಹುದುಗಿನಲ್ಲಿ ನಿಕೋಟಿನ್ ಕಡಿಮೆಯಾಗುತ್ತದೆ. ಹುದುಗು ಎಲೆಯ ಕಾರವನ್ನು ತೆಗೆದು ಸೌಮ್ಯ ಮಾಡುತ್ತದೆಯೇ ಹೊರತು ಅದಕ್ಕೆ ಬಲ ತುಂಬುವುದಿಲ್ಲ.

ಗಾಂಜಾದ ಹೂವು ಹಳತಾದಂತೆ ಏನಾಗುತ್ತದೆ ಎಂಬುದಕ್ಕೆ ರಸಾಯನ ವಿಜ್ಞಾನದ ಚರಿತ್ರೆಯಲ್ಲೇ ಒಂದು ಪ್ರಸಂಗವಿದೆ. 1896ರಲ್ಲಿ ಕೇಂಬ್ರಿಜ್‌ನ ವುಡ್, ಸ್ಪೈವಿ ಮತ್ತು ಈಸ್ಟರ್‌ಫೀಲ್ಡ್ ಭಾರತದ ಚರಸ್‌ನಿಂದ ಒಂದು ಕೆಂಪು ಎಣ್ಣೆಯನ್ನು ಬೇರ್ಪಡಿಸಿದರು. ಮುಂದೆ ಅದರಲ್ಲಿದ್ದ ಕ್ಯಾನಬಿನಾಲ್ ಅನ್ನು ಶುದ್ಧ ರೂಪದಲ್ಲಿ ಪಡೆದು, ಅಮಲಿನ ಮೂಲ ಅದೇ ಎಂದು ಭಾವಿಸಿದರು. ಅದರ ರಚನೆ ಖಚಿತವಾಗಲು 1940 ಬರಬೇಕಾಯಿತು. ಅಮೆರಿಕದಲ್ಲಿ ರೋಜರ್ ಆಡಮ್ಸ್, ಇಂಗ್ಲೆಂಡಿನಲ್ಲಿ ಅಲೆಕ್ಸಾಂಡರ್ ಟಾಡ್ ಬೇರೆಬೇರೆಯಾಗಿ ಅದನ್ನು ಬಿಡಿಸಿದರು. ಆಗ ತಿಳಿದದ್ದು, ಕ್ಯಾನಬಿನಾಲ್‌ಗೆ ಅಂಥ ಅಮಲಿನ ಗುಣವೇ ಇಲ್ಲ ಎಂದು. ಅಸಲಿ ಟಿಎಚ್‌ಸಿಯನ್ನು 1964ರಲ್ಲಿ ಇಸ್ರೇಲಿನ ರಫಾಯೆಲ್ ಮೆಕೂಲಮ್ ಮತ್ತು ಯೆಹಿಯೆಲ್ ಗಾವೊನಿ ಶುದ್ಧ ರೂಪದಲ್ಲಿ ಪಡೆದು ಅದರ ರಚನೆ ತಿಳಿಸಿದರು. ಗಾಳಿ, ಬೆಳಕು ತಾಗಿ ಟಿಎಚ್‌ಸಿ ಕೆಟ್ಟಾಗ ಉಳಿಯುವುದೇ ಕ್ಯಾನಬಿನಾಲ್. ಕೇಂಬ್ರಿಜ್‌ನವರ ಕೈಗೆ ಮೊದಲು ಸಿಕ್ಕಿದ್ದು ಹಳೆಯ ಮಾಲಿನ ಗುರುತು.

ಆ ಕೆಡುವಿಕೆಗೆ ಈಗ ಲೆಕ್ಕವೂ ಇದೆ. ಮಿಸಿಸಿಪ್ಪಿ ವಿಶ್ವವಿದ್ಯಾಲಯದ ರಾಸ್ ಮತ್ತು ಎಲ್‌ಸೋಹ್ಲಿ ಕೋಣೆಯ ಉಷ್ಣತೆಯಲ್ಲಿಟ್ಟ ಗಾಂಜಾವನ್ನು ನಾಲ್ಕು ವರ್ಷ ಅಳೆದರು. ಮೊದಲ ವರ್ಷದಲ್ಲಿ ಸುಮಾರು ಶೇ 17ರಷ್ಟು ಟಿಎಚ್‌ಸಿ ಹೋಗಿತ್ತು, ನಾಲ್ಕನೆಯ ವರ್ಷದ ಹೊತ್ತಿಗೆ ಸುಮಾರು ಶೇ 41. ಅದಕ್ಕೂ ಮೊದಲೇ, 1976ರಲ್ಲಿ, ಲಂಡನ್ನಿನ ಫೇರ್‌ಬೇರ್ನ್ ತಂಡ ಬೆಳಕೇ ಎಲ್ಲಕ್ಕಿಂತ ದೊಡ್ಡ ಶತ್ರು ಎಂದು ತೋರಿಸಿತ್ತು. ಕತ್ತಲಲ್ಲಿ ಜೋಪಾನವಾಗಿಟ್ಟ ಹೂವು ಒಂದೆರಡು ವರ್ಷ ಚೆನ್ನಾಗಿಯೇ ಉಳಿಯುತ್ತದೆ.

ಘಮ ಇನ್ನೂ ಬೇಗ ಹಾರಿಹೋಗುತ್ತದೆ. ರಾಸ್ ಮತ್ತು ಎಲ್‌ಸೋಹ್ಲಿಯವರದೇ 1996ರ ಅಧ್ಯಯನದಲ್ಲಿ ಹೂವು ಒಣಗಿದ ಮೊದಲ ವಾರದಲ್ಲೇ ಸುಗಂಧ ತೈಲದ ಸುಮಾರು ಶೇ 30 ಹೋಗಿತ್ತು, ಮೂರು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಗಾಂಜಾದ ಕಟುವಾದ ವಾಸನೆಯ ಮೂಲ ಗೊತ್ತಾದದ್ದು 2021ರಲ್ಲಿ. ಬಿಸಿಲಿಗೆ ಕೆಟ್ಟ ಬಿಯರ್‌ನಲ್ಲಿ ಬರುವ ಗಂಧಕದ ಸಂಯುಕ್ತವೇ ಅದು. ಹೂವು ಬಲಿಯುವಾಗ ಅದು ಏರುತ್ತ ಹೋಗಿ, ಹದ ಮಾಡುವಾಗ ಅತಿ ಹೆಚ್ಚಾಗಿ, ಆಮೇಲೆ ವಾರ–ಹತ್ತು ದಿನಗಳಲ್ಲಿ ಕುಸಿಯುತ್ತದೆ. ಮುಚ್ಚಿಟ್ಟ ಜಾಡಿಯನ್ನು ತೆರೆದಾಗ ಮೂಗಿಗೆ ರಾಚುವ ವಾಸನೆ ದಿನದಿಂದ ದಿನಕ್ಕೆ ಬದಲಾಗುವುದಕ್ಕೆ ಇದು ಒಂದು ಕಾರಣ.

ಹುದುಗಿನ ಉತ್ಸಾಹದಲ್ಲಿ ಜನ ಮರೆಯುವುದು ಬೂಷ್ಟನ್ನು. ಕಿಣ್ವಕ್ಕೆ ಬೇಕಾದ ತೇವ, ಬೆಚ್ಚನೆ ಎರಡೂ ಶಿಲೀಂಧ್ರಕ್ಕೂ ಬೇಕು. ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಬೀಜಕಗಳು ಹೊಗೆಯ ಜೊತೆ ಶ್ವಾಸಕೋಶ ಸೇರಬಲ್ಲವು. ಮೂಳೆಮಜ್ಜೆಯ ಕಸಿ ಮಾಡಿಸಿಕೊಂಡಿದ್ದ ರೋಗಿಯೊಬ್ಬರು ಬೂಷ್ಟು ಹಿಡಿದ ಗಾಂಜಾ ಸೇದಿ ಈ ಸೋಂಕಿನಿಂದ ತೀರಿಕೊಂಡದ್ದು 1988ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ನೋವಿಗೆ, ವಾಂತಿಗೆ ಔಷಧಿಯೆಂದು ಗಾಂಜಾ ಬಳಸುವವರಲ್ಲಿ ರೋಗನಿರೋಧಕ ಶಕ್ತಿ ಕುಂದಿದವರೂ ಇರುತ್ತಾರೆ. ಆದ್ದರಿಂದ ಇದನ್ನು ಹಗುರವಾಗಿ ನೋಡುವಂತಿಲ್ಲ.

ಕಾನೂನು ಒಪ್ಪಿದ ದೇಶಗಳಲ್ಲಿ ಈಗ ಮಾನ್ಯವಾಗಿರುವ ಅಳತೆ ಸರಳವಾಗಿದೆ. ಒಣಗಿದ ಹೂವನ್ನು ಮುಚ್ಚಿದ ಜಾಡಿಯಲ್ಲಿಟ್ಟಾಗ ಒಳಗಿನ ಗಾಳಿಯ ತೇವಾಂಶ ಶೇ 55ರಿಂದ 65ರ ನಡುವೆ ನಿಲ್ಲಬೇಕು. ಅದಕ್ಕಿಂತ ಕೆಳಗಿಳಿದರೆ ಅಂಟುಗ್ರಂಥಿಗಳು ಪುಡಿಯಾಗಿ ಉದುರುತ್ತವೆ, ಮೇಲೇರಿದರೆ ಬೂಷ್ಟಿಗೆ ದಾರಿ. ಸಣ್ಣ ಕಡ್ಡಿಯನ್ನು ಬಗ್ಗಿಸಿದರೆ ಟಕ್ಕೆಂದು ಮುರಿಯಬೇಕು. ಬಳ್ಳಿಯಂತೆ ಬಾಗಿದರೆ ಜಾಡಿಗೆ ತುಂಬುವ ಹೊತ್ತು ಇನ್ನೂ ಬಂದಿಲ್ಲ. ಮೊದಮೊದಲು ದಿನಾ ಮುಚ್ಚಳ ತೆಗೆದು ಗಾಳಿಯಾಡಿಸಬೇಕು. ಆಗ ಅಮೋನಿಯಾದ ವಾಸನೆ ಬಂದರೆ ಒಳಗೆ ಬ್ಯಾಕ್ಟೀರಿಯಾ ಬೆಳೆಯುತ್ತಿವೆ ಎಂದರ್ಥ, ಕೂಡಲೇ ಹೊರತೆಗೆದು ಹರಡಬೇಕು. ಬಾಳೆಲೆಯ ಬಿಗಿ ಕಟ್ಟಿನಲ್ಲಿ ಈ ಪರೀಕ್ಷೆಗೆ ಅವಕಾಶವೇ ಇಲ್ಲ. ನೌಗಾಂವ್‌ನವರು ರಾಶಿಯನ್ನು ಮತ್ತೆಮತ್ತೆ ಬಿಡಿಸಿ ಬಿಸಿಲಿಗೆ ಹಾಕಿದ್ದೂ ಇದೇ ಕಾರಣಕ್ಕೆ. ಬಿಳಿಯ ಅಥವಾ ಕಪ್ಪು ನೂಲು ಕಂಡ ಹೂವನ್ನು ತೊಳೆದೋ ಒಣಗಿಸಿಯೋ ಬಳಸಲು ಹೋಗಬೇಡಿ. ಬೂಷ್ಟು ಬಿಡುವ ವಿಷಗಳಲ್ಲಿ ಕೆಲವು ಬಿಸಿಗೂ ಜಗ್ಗುವುದಿಲ್ಲ. ಅದನ್ನು ಎಸೆಯುವುದೊಂದೇ ದಾರಿ.