ಹೊಲಿಗೆ ಚೀಲದ ತಳದಲ್ಲಿ

ಅಫ್ಘಾನಿಸ್ತಾನದ ಹೆರಾತ್‌ನಲ್ಲಿ ಬೇಸಿಗೆ ಬಂತೆಂದರೆ ಗಾಳಿ ಏಳುತ್ತದೆ. ಊರವರು ಅದನ್ನು ನೂರಿಪ್ಪತ್ತು ದಿನದ ಗಾಳಿ ಎಂದೇ ಕರೆಯುತ್ತಾರೆ. ಪೈನ್ ಮರಗಳನ್ನು ಬಾಗಿಸಿ, ಜುಮಾ ಮಸೀದಿಯ ನೀಲಿ ಹೆಂಚುಗಳ ಮೇಲೆ ಧೂಳು ಕೂರಿಸಿ, ಮಣ್ಣುಗೋಡೆಗಳ ಓಣಿಯೊಳಗೆ ಅದು ನುಗ್ಗುತ್ತದೆ. 1990ರ ದಶಕದ ಕೊನೆಯ ವರ್ಷಗಳ ಅಂಥದೊಂದು ಓಣಿಗೆ ಬನ್ನಿ, ಸದ್ದು ಮಾಡದೆ ನಿಂತು ನೋಡೋಣ. ತಂದೂರಿನಿಂದ ಆಗಷ್ಟೇ ತೆಗೆದ ನಾನ್‌ನ ಘಮ, ಕೈಗಾಡಿಯ ಚಕ್ರದ ಕಿರುಗುಡುವಿಕೆ, ಆಡುವ ಮಕ್ಕಳ ಗದ್ದಲ. ಅದರ ನಡುವೆ ಬುರ್ಖಾ ಹೊದ್ದ ಹೆಂಗಸರು ಒಬ್ಬೊಬ್ಬರಾಗಿ ನಡೆದು ಬಂದು ಒಂದೇ ಬಾಗಿಲಿನೊಳಗೆ ಹೋಗುತ್ತಾರೆ. ಎಲ್ಲರ ಕೈಯಲ್ಲೂ ಒಂದೊಂದು ಚೀಲ. ಅವರು ಹೋಗುತ್ತಿರುವುದು ‘ಚಿನ್ನದ ಸೂಜಿ’ ಎಂಬ ಹೆಸರಿನ ಹೊಲಿಗೆ ಶಾಲೆಗೆ.

ಆ ಚೀಲದ ಬಾಯಿ ಬಿಚ್ಚಿದರೆ ಮೊದಲು ಕಾಣುವುದು ಬಟ್ಟೆ, ಕತ್ತರಿ. ಅದರ ಕೆಳಗೆ ಕೈ ಹಾಕಿದರೆ ಸಿಗುವುದು ನೋಟ್‌ಬುಕ್, ಪೆನ್ನು. 1995ರಲ್ಲಿ ತಾಲಿಬಾನ್ ಹೆರಾತನ್ನು ಹಿಡಿದ ಮೇಲೆ ಹೆಣ್ಣುಮಕ್ಕಳ ಶಾಲೆಗಳಿಗೆ ಬೀಗ ಬಿತ್ತು. ಹೊಲಿಗೆಗೆ ಮಾತ್ರ ಅಡ್ಡಿ ಇರಲಿಲ್ಲ. ಹಾಗಾಗಿ ಹೊಲಿಗೆಯ ಹೆಸರಿನಲ್ಲಿ ವಾರಕ್ಕೆ ಮೂರು ಸಲ ಇಲ್ಲಿ ಸಾಹಿತ್ಯ ಪಾಠ ನಡೆಯುತ್ತಿತ್ತು. ಹೆರಾತ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಕಾವ್ಯ, ವಿಮರ್ಶೆಗಳ ಬಗ್ಗೆ ತಗ್ಗಿದ ದನಿಯಲ್ಲಿ ಹೇಳಿಕೊಡುತ್ತಿದ್ದರು. ಹೊರಗೆ ಆಡುತ್ತಿದ್ದ ಮಕ್ಕಳೇ ಕಾವಲು. ಧರ್ಮಪೊಲೀಸರು ಓಣಿಗೆ ಬಂದರೆಂದು ಮಗುವೊಂದು ಸುಳಿವು ಕೊಟ್ಟ ಕೂಡಲೇ ಪುಸ್ತಕಗಳು ಮರೆಯಾಗಿ ಎಲ್ಲರ ಮಡಿಲಿಗೂ ಬಟ್ಟೆ ಬರುತ್ತಿತ್ತು. ಹಾಗೆ ಕೂತು ಕಲಿತವರಲ್ಲಿ ಕವಯಿತ್ರಿ ನಾದಿಯಾ ಅಂಜುಮನ್ ಕೂಡ ಒಬ್ಬರು. 2001ರಲ್ಲಿ ತಾಲಿಬಾನ್ ಆಡಳಿತ ಬಿದ್ದ ಮೇಲೆ ಅವರು ವಿಶ್ವವಿದ್ಯಾಲಯ ಸೇರಿದರು, ಓದುತ್ತಿರುವಾಗಲೇ ತಮ್ಮ ಕವನ ಸಂಕಲನವನ್ನೂ ತಂದರು.

ಇದೇ ಹೆರಾತ್‌ನಲ್ಲಿ ಹುಟ್ಟಿದವರು ಸಕೀನಾ ಯಾಕೂಬಿ. ಅಮೆರಿಕದಲ್ಲಿ ಓದಿ ಅಲ್ಲೇ ನೆಲೆ ನಿಲ್ಲಬಹುದಾಗಿದ್ದ ಅವರು 1990ರ ದಶಕದ ಮೊದಲ ಭಾಗದಲ್ಲಿ ಪಾಕಿಸ್ತಾನದ ಪೆಶಾವರದ ಅಫ್ಘನ್ ನಿರಾಶ್ರಿತರ ಶಿಬಿರಗಳಿಗೆ ಬಂದರು. ಅಲ್ಲಿದ್ದವರಲ್ಲಿ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು, ಮನೆ ಸುಟ್ಟವರು, ಮಕ್ಕಳಿಗೆ ಒಂದು ಹೊತ್ತಿನ ರೊಟ್ಟಿಗೂ ಪಡಿಪಾಟಲು ಪಡುವವರು ಅದೆಷ್ಟೋ ಮಂದಿ. ಅವರ ನಡುವೆ ಕೂತು, ಶಿಬಿರದ ಮುಲ್ಲಾನ ಮನವೊಲಿಸಿ, ಡೇರೆಯೊಳಗೆ ಪಾಠ ಶುರುಮಾಡಿದರು. 1995ರಲ್ಲಿ ‘ಅಫ್ಘನ್ ಇನ್‌ಸ್ಟಿಟ್ಯೂಟ್ ಆಫ್ ಲರ್ನಿಂಗ್’ ಕಟ್ಟಿದರು. ತಾಲಿಬಾನ್ ಕಾಲದಲ್ಲಿ ಆ ಸಂಸ್ಥೆಯ ಬೆಂಬಲದಿಂದ 80 ಗುಪ್ತ ಮನೆಶಾಲೆಗಳು ನಡೆದವು, 3,000 ಹೆಣ್ಣುಮಕ್ಕಳು ಅಲ್ಲಿ ಓದಿದರು.

ಯಾಕೂಬಿಯವರ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಶಾಲೆ ಬೇಕೆಂದು ಊರವರೇ ಬಂದು ಕೇಳಬೇಕು, ತಮ್ಮ ಪಾಲನ್ನೂ ಹಾಕಬೇಕು. ಒಂದು ಕೋಣೆಯಾದರೂ ಆದೀತು, ನೆಲಕ್ಕೆ ಹಾಸುವ ಜಮಖಾನವಾದರೂ ಆದೀತು, ಕಾವಲಿಗೆ ಒಬ್ಬ ಅಜ್ಜನಾದರೂ ಆದೀತು. ಯುದ್ಧ ಎಲ್ಲವನ್ನೂ ಕಸಿದುಕೊಂಡ ಊರಿನಿಂದ ಪಾಲು ಕೇಳುವುದು ನಿರ್ದಯವೆಂದು ತೋರಬಹುದು. ಆದರೆ ಅಪಾಯ ಬಂದ ದಿನ ಬಾಗಿಲಿಗೆ ಅಡ್ಡ ನಿಲ್ಲುವವರು ತಮ್ಮ ಪಾಲು ಹಾಕಿದವರೇ.

ಅವರ ಸಂಸ್ಥೆ ಮುಂದೆ ತೆರೆದ ಮಹಿಳಾ ಕಲಿಕಾ ಕೇಂದ್ರಗಳಲ್ಲಿ ಹೊಲಿಗೆ ಮರೆಮಾಚುವ ನೆಪವಾಗಿ ಉಳಿಯಲಿಲ್ಲ, ಅನ್ನದ ದಾರಿಯಾಯಿತು. ಅಂಥ ಕೋಣೆಯಲ್ಲಿ ಹೊಲಿಗೆ ಯಂತ್ರದ ಟಕಟಕ ಸದ್ದು, ಎಣ್ಣೆಯ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ. ಹೆಬ್ಬೆಟ್ಟು ಒತ್ತಿಯೇ ಅರ್ಧ ಆಯುಷ್ಯ ಕಳೆದ ತಾಯಿ ಗಿರಾಕಿಯ ಎದೆ, ತೋಳು, ಉದ್ದ ಅಳೆದು ಬರೆದಿಟ್ಟುಕೊಳ್ಳಬೇಕು. ನೆನಪಿಟ್ಟುಕೊಂಡರೆ ಮೂರನೇ ಅಂಗಿಗೆ ಎಲ್ಲ ಕಲಸಿಹೋಗುತ್ತದೆ. ಹಾಗಾಗಿ ಅಳತೆಯ ಟೇಪೇ ಅವಳ ಮೊದಲ ಪಾಠಪುಸ್ತಕ. ರೊಟ್ಟಿ ತಟ್ಟಿ, ನೀರು ಹೊತ್ತು ಗಡುಸಾದ ಬೆರಳುಗಳ ನಡುವೆ ಪೆನ್ಸಿಲ್ ಜಾರುತ್ತದೆ, ಮತ್ತೆ ಬಿಗಿಯಾಗಿ ಹಿಡಿಯುತ್ತಾಳೆ. ಒತ್ತಿ ಬರೆದ ಗೆರೆ ಹಾಳೆಯ ಹಿಂಬದಿಗೂ ಮೂಡುತ್ತದೆ. ಅಂಕಿ ಬಂದ ಮೇಲೆ ಅಕ್ಷರ, ಅಕ್ಷರ ಬಂದ ಮೇಲೆ ಮಗುವಿನ ಔಷಧಿ ಬಾಟಲಿಯ ಚೀಟಿ, ಆಮೇಲೆ ಸಂತೆಯ ಲೆಕ್ಕ. ಓದು ಬಂದ ತಾಯಿ ಮಗಳನ್ನು ತಾನೇ ಕೈಹಿಡಿದು ಶಾಲೆಗೆ ಕರೆತರುತ್ತಾಳೆ.

2021ರ ಆಗಸ್ಟ್ 15ರಂದು ತಾಲಿಬಾನ್ ಮತ್ತೆ ಕಾಬೂಲನ್ನು ಹಿಡಿಯಿತು. ಆರನೇ ತರಗತಿ ದಾಟಿದ ಹುಡುಗಿಯರಿಗೆ ಶಾಲೆ ಇಲ್ಲವಾಯಿತು. 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತು. 2024ರ ಡಿಸೆಂಬರ್‌ನಲ್ಲಿ ಸೂಲಗಿತ್ತಿ, ನರ್ಸ್ ತರಬೇತಿಗೂ ತಡೆ ಬಿತ್ತು. ಹೆಂಗಸರನ್ನು ಗಂಡು ವೈದ್ಯರಿಗೆ ತೋರಿಸಲು ಹಿಂಜರಿಯುವ ನಾಡಿನಲ್ಲಿ ಇದರ ಪೆಟ್ಟು ಹೆರಿಗೆಯ ಹಾಸಿಗೆಗೇ ಬೀಳುತ್ತದೆ. ಕನಿಷ್ಠ 14 ಲಕ್ಷ ಹುಡುಗಿಯರು ಪ್ರೌಢಶಿಕ್ಷಣದಿಂದ ಹೊರಗುಳಿದಿದ್ದಾರೆಂದು ಯುನೆಸ್ಕೊ 2024ರಲ್ಲಿ ಲೆಕ್ಕ ಕೊಟ್ಟಿತು. ಮನೆಯ ಒಳಕೋಣೆಗಳಲ್ಲಿ ಪಾಠ ಮತ್ತೆ ಶುರುವಾಗಿದೆ. ರೇಡಿಯೊ, ಮೊಬೈಲ್ ಮೂಲಕವೂ ಕಲಿಯುವವರಿದ್ದಾರೆ.

ನೆರವಾಗಬೇಕೆಂದು ಹಂಬಲಿಸುವವರು ಈ ಒಳಕೋಣೆಯನ್ನೇ ಕಣ್ಣಮುಂದೆ ಇಟ್ಟುಕೊಳ್ಳಬೇಕು. ಅಲ್ಲಿಗೆ ಬೇಕಾಗಿರುವುದು ತಿಂಗಳು ತಪ್ಪದೆ ತಲುಪುವ ಶಿಕ್ಷಕಿಯ ಸಂಬಳ, ಚಳಿಗಾಲದ ಸೌದೆ, ಪುಸ್ತಕ, ಒಂದು ಹೊಲಿಗೆ ಯಂತ್ರ. ಕೊಟ್ಟ ದುಡ್ಡಿಗೆ ಸಾಕ್ಷಿಯಾಗಿ ಅವರ ಮುಖದ ಫೋಟೊ ಕೇಳಬಾರದು, ಓಣಿಯ ಹೆಸರು ಕೇಳಬಾರದು. ಸುದ್ದಿ ತಣ್ಣಗಾಯಿತೆಂದು ನಡುವೆ ಕೈಬಿಡಲೂಬಾರದು. ಓದು ಕಲಿಯಲು ವರ್ಷಗಳೇ ಬೇಕು, ನೆರವೂ ಅಷ್ಟು ವರ್ಷ ಜೊತೆಗೆ ನಿಲ್ಲಬೇಕು.