ಅಮೆರಿಕ–ಪಾಕ್ ಮೈತ್ರಿಯಿಂದ ಭಾರತಕ್ಕೆ ನಿಜಕ್ಕೂ ಆದದ್ದೇನು?

ತಪ್ಪು ಕಲ್ಪನೆ: ಅಮೆರಿಕ ಪಾಕಿಸ್ತಾನಕ್ಕೆ ಶಸ್ತ್ರ ಕೊಟ್ಟಿದ್ದೇ ಭಾರತವನ್ನು ಹಣಿಯಲು.

ಸತ್ಯ: 1954ರ ಮೇ ತಿಂಗಳಲ್ಲಿ ಸೇನಾ ನೆರವಿನ ಒಪ್ಪಂದಕ್ಕೆ ಸಹಿ ಬಿದ್ದಾಗ ವಾಷಿಂಗ್ಟನ್ನಿನ ಕಣ್ಣು ಇದ್ದದ್ದು ಸೋವಿಯತ್ ಒಕ್ಕೂಟದ ಮೇಲೆ. ಈ ಶಸ್ತ್ರಗಳು ಭಾರತದ ಮೇಲೆ ತಿರುಗಲು ಬಿಡುವುದಿಲ್ಲವೆಂದು ಅಧ್ಯಕ್ಷ ಐಸೆನ್‌ಹೋವರ್ ಆ ಫೆಬ್ರುವರಿಯಲ್ಲೇ ನೆಹರೂಗೆ ಪತ್ರ ಬರೆದು ಭರವಸೆ ಕೊಟ್ಟಿದ್ದರು. ಕೇಳಿದರೆ ನಿಮಗೂ ಕೊಡುತ್ತೇವೆ ಎಂದಿದ್ದರು, ನೆಹರೂ ಒಲ್ಲೆನೆಂದರು. ಪಾಕಿಸ್ತಾನದ ಲೆಕ್ಕಾಚಾರ ಮಾತ್ರ ಬೇರೆಯೇ ಇತ್ತು. ಕೊಡುವವರ ಶತ್ರು ಒಬ್ಬ, ಪಡೆಯುವವರ ಶತ್ರು ಇನ್ನೊಬ್ಬ. ಎಡವಟ್ಟು ಅಲ್ಲೇ ಶುರುವಾಯಿತು.

ತಪ್ಪು ಕಲ್ಪನೆ: ಪಾಕಿಸ್ತಾನ ಸೇರಿದ್ದ ಸೀಟೋ, ಸೆಂಟೋ ಎಂಬ ಸೇನಾ ಕೂಟಗಳ ಕಾರಣ ಅದರ ಪರ ಯುದ್ಧಕ್ಕಿಳಿಯಲು ಅಮೆರಿಕ ಬದ್ಧವಾಗಿತ್ತು.

ಸತ್ಯ: ಇಲ್ಲ. ತನ್ನ ಹೊಣೆ ಕಮ್ಯುನಿಸ್ಟ್ ಆಕ್ರಮಣಕ್ಕಷ್ಟೇ ಎಂದು ಅದು ಸೀಟೋ ಒಪ್ಪಂದದಲ್ಲೇ ಷರಾ ಬರೆಸಿತ್ತು. ಸೆಂಟೋಗೆ ಪೂರ್ಣ ಸದಸ್ಯನೂ ಆಗಿರಲಿಲ್ಲ. 1965ರ ಸೆಪ್ಟೆಂಬರಿನಲ್ಲಿ ಭಾರತ–ಪಾಕ್ ಯುದ್ಧ ಹತ್ತಿಕೊಂಡಾಗ ಎರಡೂ ದೇಶಗಳಿಗೆ ಶಸ್ತ್ರ ಪೂರೈಕೆ ನಿಲ್ಲಿಸಿತು. ಅಮೆರಿಕದ ಬಿಡಿಭಾಗಗಳನ್ನೇ ನೆಚ್ಚಿಕೊಂಡಿದ್ದ ಪಾಕ್ ಸೇನೆಗೇ ಪೆಟ್ಟು ಜಾಸ್ತಿ ಬಿತ್ತು.

ತಪ್ಪು ಕಲ್ಪನೆ: ಅಮೆರಿಕ ಪಾಕಿಸ್ತಾನಕ್ಕೆ ಕೊಟ್ಟ ಪ್ಯಾಟನ್ ಟ್ಯಾಂಕುಗಳಿಗೆ ಎದುರೇ ಇರಲಿಲ್ಲ.

ಸತ್ಯ: ಅದೇ ಯುದ್ಧದಲ್ಲಿ ಪಂಜಾಬಿನ ಖೇಮಕರಣ್ ಬಳಿಯ ಅಸಲ್ ಉತ್ತರ್‌ನಲ್ಲಿ ನಮ್ಮವರು ಹೊಲಗಳಿಗೆ ನೀರು ನುಗ್ಗಿಸಿ, ಕಬ್ಬಿನ ಮರೆಯಲ್ಲಿ ಕಾದು ಕುಳಿತರು. ಪ್ಯಾಟನ್‌ಗಳು ಕೆಸರಲ್ಲಿ ಹೂತವು. ಜೀಪಿನ ಮೇಲೆ ಕೂರಿಸಿದ 106 ಮಿ.ಮೀ. ಗನ್ನಿನಿಂದ ಅವನ್ನು ಹೊಡೆಯುತ್ತಲೇ ಹುತಾತ್ಮರಾದ ಅಬ್ದುಲ್ ಹಮೀದ್ ಅವರಿಗೆ ಪರಮವೀರ ಚಕ್ರ ಸಂದಿತು. ಆ ಗನ್ನಿನ ವಿನ್ಯಾಸವೂ ಅಮೆರಿಕದ್ದೇ!

ತಪ್ಪು ಕಲ್ಪನೆ: ಹಾಗಾದರೆ ಮೈತ್ರಿಯಿಂದ ಭಾರತಕ್ಕೆ ಏನೂ ಆಗಲಿಲ್ಲ.

ಸತ್ಯ: ಆಯಿತು, ಆದರೆ ರಣರಂಗಕ್ಕಿಂತ ಹೆಚ್ಚಾಗಿ ಮಾತುಕತೆಯ ಮೇಜಿನಲ್ಲಿ. ಕಾಶ್ಮೀರದ ಜನಮತಗಣನೆಗೆ 1954ರ ಏಪ್ರಿಲ್ ಅಂತ್ಯದೊಳಗೆ ಆಡಳಿತಾಧಿಕಾರಿಯನ್ನು ನೇಮಿಸಲು ನೆಹರೂ ಮತ್ತು ಪಾಕ್ ಪ್ರಧಾನಿ ಮಹಮ್ಮದ್ ಅಲಿ ಬೋಗ್ರಾ ಹಿಂದಿನ ವರ್ಷ ಒಪ್ಪಿದ್ದರು. ಅಮೆರಿಕದ ಸೇನಾ ನೆರವಿನ ಸುದ್ದಿ ಬಂದದ್ದೇ ತಡ, ಪರಿಸ್ಥಿತಿ ಬದಲಾಗಿದೆ ಎಂದರು ನೆಹರೂ. ಅವರಿಗದು ಒಳ್ಳೆಯ ನೆಪವೂ ಆಯಿತು ಎಂಬ ಮಾತಿನಲ್ಲಿ ಹುರುಳಿದೆ ಎಂದೇ ನನಗನಿಸುತ್ತದೆ. ಅತ್ತ ಮಾಸ್ಕೋ ಹತ್ತಿರವಾಯಿತು. 1957 ಮತ್ತು 1962ರಲ್ಲಿ ಭದ್ರತಾ ಮಂಡಳಿಯ ಕಾಶ್ಮೀರ ನಿರ್ಣಯಗಳಿಗೆ ಸೋವಿಯತ್ ವೀಟೋ ಬಿತ್ತು.

ವಿಮಾನಗಳ ಕಥೆಯೂ ಇದೇ ಜಾಡಿನದು. 1961ರಲ್ಲಿ ಪಾಕಿಸ್ತಾನದ ಕೈಗೆ ಅಮೆರಿಕದ ಎಫ್-104 ಯುದ್ಧವಿಮಾನ ಬಂತು. ಮರುವರ್ಷವೇ ಭಾರತ ಮಿಗ್-21 ಕೊಳ್ಳಲು ಸೋವಿಯತ್ತಿನೊಡನೆ ಒಪ್ಪಂದ ಮಾಡಿಕೊಂಡಿತು. ಮಿಗ್ ಕಟ್ಟಲೆಂದೇ 1963ರಲ್ಲಿ ಹುಟ್ಟಿದ ಏರೋನಾಟಿಕ್ಸ್ ಇಂಡಿಯಾ ಕಂಪನಿ, 1964ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಜೊತೆ ಸೇರಿ ಇಂದಿನ ಎಚ್‌ಎಎಲ್ ಆಯಿತು. 1971ರ ಡಿಸೆಂಬರಿನಲ್ಲಿ ಜಾಮ್‌ನಗರದ ಮೇಲೆ ದಾಳಿಗೆ ಬಂದ ಎಫ್-104 ಅನ್ನು ಕಚ್ಛ್ ಕೊಲ್ಲಿಯ ಮೇಲೆ ಹೊಡೆದುರುಳಿಸಿದ್ದು ಮಿಗ್-21.